ಅಪ್ಪ ಎಲ್ಲಿದ್ದಾರೆ?

ಅಪ್ಪ ತೀರಿಕೊಂಡ ಮೂರನೇ ದಿನ ಮನೆಯಲ್ಲಿ ಪ್ರಾರ್ಥನೆ ಇತ್ತು. ಹಾಡು ಮುಗಿದಿತ್ತು, ವಾಕ್ಯ ಓದಿದ್ದೂ ಆಗಿತ್ತು. ಎಲ್ಲರೂ ಹೊರಡುವ ಹೊತ್ತಿಗೆ ಸಭೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಭುಜದ ಮೇಲೆ ಕೈ ಇಟ್ಟು ಮೆಲ್ಲಗೆ ಕೇಳಿದರು: "ಕೊನೇ ಗಳಿಗೆಯಲ್ಲಾದ್ರೂ ಅಪ್ಪ ಕರ್ತನನ್ನು ಅಂಗೀಕರಿಸಿಕೊಂಡ್ರಾ?"

ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಕಣ್ಣಲ್ಲಿ ನೀರಿತ್ತು. ನಾನು ಹೌದು ಅನ್ನಲಿ ಅಂತ ಅವರು ನಿಜವಾಗಿಯೂ ಬಯಸುತ್ತಿದ್ದರು. ನಾನು "ಇಲ್ಲ" ಅಂದೆ. ಅವರು ಕೈ ತೆಗೆಯಲಿಲ್ಲ, ಮಾತೂ ಆಡಲಿಲ್ಲ. ಆ ಮೌನದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಎಷ್ಟೋ ವರ್ಷ ಅದನ್ನೇ ಹೇಳಿಕೊಟ್ಟಿದ್ದೆ.

ಅಪ್ಪನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಆದರೆ ಅದರ ಬಗ್ಗೆ ಯಾರ ಜೊತೆಗೂ ವಾದ ಮಾಡಿದವರಲ್ಲ. ಪ್ರತಿ ಭಾನುವಾರ ಅಮ್ಮನನ್ನೂ ನನ್ನನ್ನೂ ಚರ್ಚಿನ ತನಕ ತಂದು ಬಿಡುತ್ತಿದ್ದರು. ಆರಾಧನೆ ಮುಗಿಯುವವರೆಗೆ ಹೊರಗೆ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಅಮ್ಮ ಒಳಗೆ ಅವರಿಗಾಗಿಯೇ ಪ್ರಾರ್ಥನೆ ಮಾಡುತ್ತಿದ್ದರು. ಇಬ್ಬರ ಮಧ್ಯೆ ಇದ್ದದ್ದು ಒಂದು ಗೋಡೆ. ನಾನು ಆಗ ನಂಬಿದ್ದ ಪ್ರಕಾರ, ಸತ್ತ ಮೇಲೆ ಆ ಗೋಡೆಗೆ ಬಾಗಿಲೇ ಇಲ್ಲ.

ಕ್ರೈಸ್ತ ನಂಬಿಕೆಯನ್ನು ನಾಸ್ತಿಕರು ಹಲವು ಕಡೆಯಿಂದ ಪ್ರಶ್ನಿಸಿದ್ದಾರೆ. ಅದರಲ್ಲಿ ಹೆಚ್ಚಿನವು ನನ್ನನ್ನು ಅಲ್ಲಾಡಿಸಲಿಲ್ಲ. ಒಂದು ಮಾತ್ರ ಒಳಗೆ ಹೊಕ್ಕಿತು, ಹೊರಗೆ ಹೋಗಲೇ ಇಲ್ಲ. ಅದನ್ನು ಹೇಳುವ ಮೊದಲು ಬೇರೆಯವನ್ನೂ ಹೇಳಬೇಕು. ಯಾಕಂದ್ರೆ ನಂಬಿಕೆ ಒಂದೇ ದಿನದಲ್ಲಿ ಹೋಗುವಂಥದ್ದಲ್ಲ.

ಮೊದಮೊದಲು ನಾನು ನಾಸ್ತಿಕರನ್ನು ಓದಿದ್ದು ಅವರನ್ನು ಸೋಲಿಸೋದಕ್ಕೆ. 2004ರಿಂದ 2007ರ ನಡುವೆ ಸ್ಯಾಮ್ ಹ್ಯಾರಿಸ್, ಡಾಕಿನ್ಸ್, ಡೆನೆಟ್, ಹಿಚನ್ಸ್ ಒಬ್ಬರ ಹಿಂದೆ ಒಬ್ಬರು ಪುಸ್ತಕ ತಂದಿದ್ದರು. ನಮ್ಮ ಯುವಜನರ ಕೂಟದಲ್ಲಿ ಅವರಿಗೆ ಉತ್ತರ ಸಿದ್ಧ ಮಾಡುವ ಕೆಲಸ ನನ್ನದಾಗಿತ್ತು. ಉತ್ತರ ಕೊಡುವುದು ಕಷ್ಟ ಅನಿಸಲಿಲ್ಲ. ಸುಲಭವಾಗಿ ಬೀಳುವ ವಾದಗಳನ್ನೇ ನಾನು ಆರಿಸಿಕೊಳ್ಳುತ್ತಿದ್ದೆ ಅಂತ ಈಗ ಗೊತ್ತಾಗುತ್ತದೆ.

ಹಾಗೆ ಬೀಳುವ ವಾದಗಳು ನಾಸ್ತಿಕರ ಕಡೆ ಇವೆ, ಅದನ್ನು ಇವತ್ತಿಗೂ ಒಪ್ಪಿಕೊಳ್ಳುತ್ತೇನೆ. "ಯೇಸು ಅನ್ನೋ ಮನುಷ್ಯನೇ ಇರಲಿಲ್ಲ" ಅನ್ನುವುದು ಒಂದು. ನಂಬಿಕೆ ಇಲ್ಲದ ಇತಿಹಾಸಕಾರರಲ್ಲೂ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಗಲಿಲಾಯದಲ್ಲಿ ಬೋಧನೆ ಮಾಡಿಕೊಂಡಿದ್ದ ಒಬ್ಬ ಯೆಹೂದಿಯನ್ನು ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಶಿಲುಬೆಗೆ ಹಾಕಿದರು ಅನ್ನುವುದನ್ನು ಅವರೂ ಹೇಳುತ್ತಾರೆ. ಇನ್ನೊಂದು, ಕ್ರಿ.ಶ. 325ರಲ್ಲಿ ಬಿಷಪರು ಸೇರಿದ್ದ ನೈಸೀಯಾ ಸಭೆಯಲ್ಲಿ ಮತ ಹಾಕಿ ಬೈಬಲಿನ ಪುಸ್ತಕಗಳನ್ನು ಆರಿಸಿದರು ಅನ್ನುವ ಮಾತು. ಆ ಸಭೆ ಸೇರಿದ್ದು ಮುಖ್ಯವಾಗಿ ಆರಿಯಸ್ ಅನ್ನುವ ಪಾದ್ರಿ ಎತ್ತಿದ ಪ್ರಶ್ನೆಗೆ. ಮಗನಾದ ಯೇಸು ತಂದೆಯಾದ ದೇವರಿಗೆ ಸಮಾನನೋ, ಅಥವಾ ತಂದೆಯೇ ಸೃಷ್ಟಿಸಿದವನೋ ಅನ್ನುವ ಜಗಳ ಅದು. ಸುಳ್ಳು ಹೇಳಿ ಸುಳ್ಳನ್ನು ಬಿಡಿಸೋಕೆ ಆಗಲ್ಲ. ನಂಬಿಕೆ ಬಿಟ್ಟವರು ಇಂಥ ಮಾತುಗಳನ್ನು ಪರೀಕ್ಷಿಸದೆ ಹಂಚುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಚರ್ಚಿನಲ್ಲಿ ಮಾಡುತ್ತಿದ್ದದ್ದನ್ನೇ ಹೊರಗೆ ಬಂದೂ ಮಾಡಿದರೆ ಹೇಗೆ?

ಗಟ್ಟಿಯಾದ ಪ್ರಶ್ನೆಗಳು ನನ್ನ ಬೈಬಲಿನ ಒಳಗೇ ಇದ್ದವು. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯವನ್ನೇ ನೋಡಿ. ನಾಲ್ಕನೇ ಶತಮಾನದ ಎರಡು ಅತಿ ಹಳೆಯ ಪೂರ್ಣ ಹಸ್ತಪ್ರತಿಗಳಲ್ಲಿ ಅದು ಎಂಟನೇ ವಚನಕ್ಕೇ ಮುಗಿಯುತ್ತದೆ. ಹೆಂಗಸರು ಖಾಲಿ ಸಮಾಧಿ ನೋಡಿ ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಅಷ್ಟೇ. ಎದ್ದು ಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುವ ಮುಂದಿನ ಹನ್ನೆರಡು ವಚನಗಳು ಅಲ್ಲಿಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ ನನಗೆ ಇವತ್ತಿಗೂ ಬಹಳ ಇಷ್ಟ. ಯೋಹಾನನ ಸುವಾರ್ತೆಯ ಅತಿ ಹಳೆಯ ಪ್ರತಿಗಳಲ್ಲಿ ಅದೂ ಇಲ್ಲ. ಇದೆಲ್ಲಾ ಗುಟ್ಟೇನಲ್ಲ, ಎಷ್ಟೋ ಬೈಬಲುಗಳ ಅಡಿಟಿಪ್ಪಣಿಯಲ್ಲೇ ಬರೆದಿರುತ್ತದೆ. ನಾನು ಎಷ್ಟೋ ವರ್ಷ ಅಡಿಟಿಪ್ಪಣಿಯ ಕಡೆ ಕಣ್ಣೇ ಹಾಯಿಸಿರಲಿಲ್ಲ.

ಲೂಕನ ಪ್ರಕಾರ ಯೇಸು ಹುಟ್ಟಿದ್ದು ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ನಡೆದ ಜನಗಣತಿಯ ಕಾಲದಲ್ಲಿ. ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಮತ್ತಾಯನ ಪ್ರಕಾರ ಹೆರೋದ ರಾಜ ಬದುಕಿದ್ದಾಗ. ಹೆಚ್ಚಿನ ಇತಿಹಾಸಕಾರರ ಲೆಕ್ಕದಲ್ಲಿ ಅವನು ಸತ್ತದ್ದು ಕ್ರಿ.ಪೂ. 4ರಲ್ಲಿ. ನಡುವೆ ಸುಮಾರು ಒಂಬತ್ತು ವರ್ಷದ ಅಂತರ. ಇದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಮಾರ್ಕನ ಹದಿಮೂರನೇ ಅಧ್ಯಾಯ. ಸೂರ್ಯ ಕತ್ತಲಾಗುವುದು, ಮನುಷ್ಯಕುಮಾರ ಮೇಘಗಳಲ್ಲಿ ಬರುವುದು, ಇದೆಲ್ಲಾ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಅಂತ ಯೇಸುವೇ ಹೇಳುತ್ತಾರೆ. ಆಗ ಬದುಕಿದ್ದ ಆ ಸಂತತಿ ಅಳಿಯಿತು. ಅದರ ಹಿಂದೆ ಎಷ್ಟೋ ಸಂತತಿಗಳು ಬಂದು ಹೋದವು. "ಸಂತತಿ ಅಂದ್ರೆ ಜನಾಂಗ" ಅಂತ ನಾನು ಮಕ್ಕಳಿಗೆ ವಿವರಿಸುತ್ತಿದ್ದೆ. ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತಿತ್ತು.

ಈ ಪ್ರಶ್ನೆಗಳಿಗೆ ಬೆಲೆ ತೆತ್ತವರಿದ್ದಾರೆ. ಸುವಾರ್ತೆಗಳನ್ನು ಇತಿಹಾಸದ ಕಣ್ಣಿನಿಂದ ಓದಿ 1835ರಲ್ಲಿ ಯೇಸುವಿನ ಜೀವನದ ಬಗ್ಗೆ ಬರೆದ ಜರ್ಮನ್ ದೇವಶಾಸ್ತ್ರಜ್ಞ ಡೇವಿಡ್ ಶ್ಟ್ರೌಸ್ ಟ್ಯೂಬಿಂಗನ್‌ನಲ್ಲಿ ಕೆಲಸ ಕಳೆದುಕೊಂಡ. ಅದಕ್ಕೂ ಹಿಂದೆ, 1697ರ ಜನವರಿಯಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಥಾಮಸ್ ಐಕನ್‌ಹೆಡ್ ಅನ್ನುವ ವಿದ್ಯಾರ್ಥಿಯನ್ನು ದೇವದೂಷಣೆಗಾಗಿ ನೇಣಿಗೆ ಹಾಕಿದರು. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಅನ್ನುವ ತ್ರಿಯೇಕತ್ವ ಅರ್ಥವಿಲ್ಲದ ಮಾತು ಅಂದಿದ್ದನಂತೆ. ಹುಡುಗ ತಪ್ಪಾಯಿತು ಅಂತ ಬೇಡಿಕೊಂಡ. ಆದರೂ ಬಿಡಲಿಲ್ಲ. ಅವನಿಗೆ ಇಪ್ಪತ್ತು ವರ್ಷ. ಅದೇ ವಯಸ್ಸಿನ ಹುಡುಗರು ನಮ್ಮ ಕೂಟದಲ್ಲಿ ನನಗೆ ಅದೇ ಪ್ರಶ್ನೆ ಕೇಳುತ್ತಿದ್ದರು. "ಅದು ರಹಸ್ಯ, ಮನುಷ್ಯನ ಬುದ್ಧಿಗೆ ನಿಲುಕಲ್ಲ" ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ತ್ರಿಯೇಕತ್ವದ ಬಗ್ಗೆ ಇವತ್ತಿಗೂ ನನ್ನ ಹತ್ತಿರ ಹೇಳೋಕೆ ಜಾಸ್ತಿ ಏನಿಲ್ಲ. ಆ ಲೆಕ್ಕ ಬಗೆಹರಿಯಲಿ ಬಿಡಲಿ, ನನ್ನ ಅಪ್ಪನ ವಿಷಯ ಅದರಿಂದ ತೀರ್ಮಾನವಾಗುತ್ತಿರಲಿಲ್ಲ.

ಪವಾಡದ ಬಗ್ಗೆ ತತ್ವಶಾಸ್ತ್ರಜ್ಞ ಡೇವಿಡ್ ಹ್ಯೂಮ್ 1748ರಲ್ಲಿ ಬರೆದದ್ದು ಸರಳವಾಗಿದೆ. ಪ್ರಕೃತಿಯ ನಿಯಮ ಮುರಿಯಿತು ಅಂತ ಯಾರಾದರೂ ಹೇಳಿದರೆ, ನಿಯಮ ಮುರಿದಿರುವ ಸಾಧ್ಯತೆ ಜಾಸ್ತಿಯೋ, ಹೇಳಿದವರು ತಪ್ಪು ತಿಳಿದಿರುವ ಸಾಧ್ಯತೆ ಜಾಸ್ತಿಯೋ ತೂಗಿ ನೋಡು ಅನ್ನುತ್ತಾನೆ. ವಾದ ಗಟ್ಟಿಯಾಗಿದೆ. ಆದರೆ ಒಳಗೆ ಕೂತು ನಂಬುವವರ ತಕ್ಕಡಿಯೇ ಬೇರೆ. ದೇವರಿದ್ದಾನೆ ಅನ್ನುವುದು ಮೊದಲೇ ಒಂದು ತಟ್ಟೆಯಲ್ಲಿ ಕೂತಿರುತ್ತದೆ. ನನ್ನದೂ ಹಾಗೇ ಇತ್ತು. ಸತ್ತವನು ಎದ್ದು ಬಂದ ಅನ್ನುವುದನ್ನು ನಂಬುವುದು ಆಗ ನನಗೆ ಕಷ್ಟವೇ ಆಗಿರಲಿಲ್ಲ.

ಅಪ್ಪ ಕಾಯಿಲೆ ಬಿದ್ದು ಮಲಗಿದ ಮೇಲೆ ಮೊದಲು ಬಂದದ್ದು ಪ್ರಾರ್ಥನೆಯ ಪ್ರಶ್ನೆ. ಸಭೆಯವರೆಲ್ಲಾ ಉಪವಾಸ ಇದ್ದು ಪ್ರಾರ್ಥಿಸಿದರು. ಅಮ್ಮ ಹಾಸಿಗೆಯ ಪಕ್ಕದಿಂದ ಏಳಲೇ ಇಲ್ಲ. ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಬಂದಿತ್ತು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆದ 1,802 ರೋಗಿಗಳ ಮೇಲೆ ನಡೆದದ್ದು. ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಅಂತ ಎರಡು ಗುಂಪುಗಳಿಗೆ ಹೇಳಿದ್ದರು. ಪ್ರಾರ್ಥನೆ ನಡೆದ ಗುಂಪಿನಲ್ಲಿ ನೂರಕ್ಕೆ 52 ಮಂದಿಗೆ ತೊಂದರೆಗಳಾದವು. ನಡೆಯದ ಗುಂಪಿನಲ್ಲಿ 51 ಮಂದಿಗೆ. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ ಅಂತ ತಿಳಿಸಿದ್ದ ಮೂರನೇ ಗುಂಪಿನಲ್ಲಿ 59 ಮಂದಿಗೆ. ನಾನು ಇದನ್ನು ಓದಿದ್ದು ಅಪ್ಪ ಹೋದ ಮೇಲೆ. ಅಮ್ಮನಿಗೆ ಇವತ್ತಿನವರೆಗೆ ಹೇಳಿಲ್ಲ. ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿದವರ ಮುಂದೆ ಈ ಅಂಕಿಗಳನ್ನು ಇಡುವುದು ಸರಿ ಅಂತ ನನಗೆ ಅನಿಸುವುದಿಲ್ಲ. ಅವರು ಕೇಳುತ್ತಿರುವುದು ಗುಣವಾಗಲಿ ಅಂತ ಮಾತ್ರವಲ್ಲ. ಒಬ್ಬರೇ ಇರಲು ಆಗದೆ ಯಾರನ್ನೋ ಹತ್ತಿರ ಕರೆಯುತ್ತಿರುತ್ತಾರೆ.

ಆಮೇಲೆ ನೋವಿನ ಪ್ರಶ್ನೆ. ಇದು ಬಹಳ ಹಳೆಯದು. ದೇವರು ಒಳ್ಳೆಯವನು, ಅವನಿಂದ ಎಲ್ಲವೂ ಸಾಧ್ಯ, ಅಂದಮೇಲೆ ಕೆಡುಕು ಎಲ್ಲಿಂದ ಬಂತು? 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ಸೇರಿದ್ದ ಹೊತ್ತಿಗೇ ಲಿಸ್ಬನ್‌ನಲ್ಲಿ ಭೂಮಿ ನಡುಗಿತು. ಕಲ್ಲಿನ ಚಾವಣಿಗಳು ಪ್ರಾರ್ಥಿಸುತ್ತಿದ್ದವರ ಮೇಲೆ ಬಿದ್ದವು. ಹಚ್ಚಿಟ್ಟಿದ್ದ ಮೇಣದಬತ್ತಿಗಳಿಂದಲೂ ಊರಿಗೆ ಬೆಂಕಿ ಹತ್ತಿತು. ಬೆಂಕಿಗೆ ಹೆದರಿ ನದಿಯ ಕಡೆ ಓಡಿದವರನ್ನು ಸುನಾಮಿ ಅಲೆ ಎಳೆದುಕೊಂಡು ಹೋಯಿತು. ಇರಬಹುದಾದ ಲೋಕಗಳಲ್ಲೆಲ್ಲಾ ಇದೇ ಒಳ್ಳೆಯದು ಅಂತ ಜರ್ಮನ್ ತತ್ವಶಾಸ್ತ್ರಜ್ಞ ಲೈಬ್ನಿಟ್ಸ್ 1710ರಲ್ಲಿ ವಾದಿಸಿದ್ದ. ಲಿಸ್ಬನ್ ಆದ ಮೇಲೆ ಫ್ರೆಂಚ್ ಲೇಖಕ ವಾಲ್ಟೇರ್‌ಗೆ ಆ ಮಾತನ್ನು ಸಹಿಸೋಕೆ ಆಗಲಿಲ್ಲ. ತಾಯಿಯ ಎದೆಯ ಮೇಲೆಯೇ ಜಜ್ಜಿಹೋದ ಮಕ್ಕಳು ಯಾವ ತಪ್ಪು ಮಾಡಿದ್ದರು ಅಂತ ಕೇಳಿ ಕವಿತೆ ಬರೆದ. ವಾಲ್ಟೇರ್ ನಾಸ್ತಿಕನಲ್ಲ. ಆದರೂ ನಾಸ್ತಿಕರು ಆ ಪ್ರಶ್ನೆಯನ್ನು ತಮ್ಮದು ಮಾಡಿಕೊಂಡರು.

ಮನುಷ್ಯನಿಗೆ ಸ್ವತಂತ್ರ ಇಚ್ಛೆ ಕೊಟ್ಟದ್ದರಿಂದ ಕೆಡುಕು ಬಂತು ಅನ್ನುವುದು ನಮ್ಮ ಉತ್ತರವಾಗಿತ್ತು. ಕೊಲೆಗೆ, ಯುದ್ಧಕ್ಕೆ ಆ ಉತ್ತರ ಸ್ವಲ್ಪ ದೂರ ನಡೆಯುತ್ತದೆ. ಭೂಕಂಪಕ್ಕೆ ನಡೆಯಲ್ಲ. ವಿಲಿಯಂ ರೋ ಅನ್ನುವ ತತ್ವಶಾಸ್ತ್ರಜ್ಞ 1979ರಲ್ಲಿ ಒಂದು ಜಿಂಕೆಮರಿಯ ಉದಾಹರಣೆ ಕೊಟ್ಟ. ಸಿಡಿಲು ಬಡಿದು ಕಾಡಿಗೆ ಬೆಂಕಿ ಬೀಳುತ್ತದೆ. ಮರಿ ಅದರಲ್ಲಿ ಸಿಕ್ಕಿ ಸುಡುತ್ತದೆ. ಕೆಲವು ದಿನ ನರಳಿ ಸಾಯುತ್ತದೆ. ನೋಡಿದವರು ಒಬ್ಬರೂ ಇಲ್ಲ. ಯಾರಿಗೂ ಪಾಠವಿಲ್ಲ, ಯಾರ ತಾಳ್ಮೆಯ ಪರೀಕ್ಷೆಯೂ ಇಲ್ಲ. ಆ ನೋವಿನಿಂದ ಯಾವ ಒಳ್ಳೆಯದಾಯಿತು? ಅಪ್ಪನ ಕೊನೆಯ ಹದಿನೈದು ದಿನ ನೋಡಿದ ಮೇಲೆ ಈ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಹಾಗಿದ್ದರೂ ನಾನು ನಂಬಿಕೆ ಬಿಡಲಿಲ್ಲ. ಬೈಬಲಿನಲ್ಲೇ, ತಪ್ಪಿಲ್ಲದೆ ನರಳಿದ ಯೋಬ ಕಿರುಚಿದ್ದಾನೆ. ಶಿಲುಬೆಯ ಮೇಲೆ ಯೇಸುವೇ "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ" ಅಂತ ಕೂಗಿದ್ದಾರೆ. ನೋವಿನ ಜೊತೆ ಇರುವ ದೇವರನ್ನು ನಾನು ಇನ್ನೂ ಹಿಡಿದುಕೊಂಡಿರಬಹುದಿತ್ತು.

ಹಿಡಿದುಕೊಳ್ಳಲು ಆಗದೇ ಹೋದದ್ದು ನರಕವನ್ನು.

ಹಿರಿಯರ ಆ ಪ್ರಶ್ನೆಯ ನಂತರ ನನಗೆ ಮೊದಲು ನೆನಪಾದದ್ದು ಸಂಡೇ ಸ್ಕೂಲಿನ ಒಂದು ಮಗು. ಏಳೆಂಟು ವರ್ಷದ ಹುಡುಗಿ. ಮನೆಯವರು ಹೊಸದಾಗಿ ಸಭೆಗೆ ಬರತೊಡಗಿದ್ದರು. "ನಮ್ಮಜ್ಜಿಗೆ ಯೇಸು ಗೊತ್ತಿರಲಿಲ್ಲ, ಅವರು ಎಲ್ಲಿಗೆ ಹೋದ್ರು?" ಅಂತ ಕೇಳಿದ್ದಳು. ನಾನು ಏನೋ ನಯವಾಗಿ ಹೇಳಿ, ಮುಂದಿನ ವಚನ ಓದಿಸಿದ್ದೆ. ಅವಳು ಪುಸ್ತಕದ ಕಡೆ ನೋಡದೆ ನನ್ನನ್ನೇ ನೋಡುತ್ತಾ ಕೂತಿದ್ದಳು. ಅವಳು ಕೇಳಿದ್ದು ಏನು ಅಂತ ನನಗೆ ಅರ್ಥವಾಗಲು ನನ್ನ ಅಪ್ಪ ಸಾಯಬೇಕಾಯಿತು.

ಅದೇ ಪ್ರಶ್ನೆಯನ್ನು ಜಪಾನಿನ ಜನ ಮಿಷನರಿ ಪಾದ್ರಿ ಫ್ರಾನ್ಸಿಸ್ ಝೇವಿಯರ್‌ಗೆ ಕೇಳಿದ್ದರು. ಝೇವಿಯರ್ 1549ರಲ್ಲಿ ಜಪಾನಿಗೆ ಹೋದ, ಎರಡು ವರ್ಷ ಇದ್ದ. ಅಲ್ಲಿಂದ ಮರಳಿ 1552ರ ಜನವರಿಯಲ್ಲಿ ಯೂರೋಪಿನ ತನ್ನವರಿಗೆ ಕಾಗದ ಬರೆದ. ಹೊಸದಾಗಿ ಕ್ರೈಸ್ತರಾದವರು ಸತ್ತ ತಂದೆ ತಾಯಿಗಾಗಿ, ಹೆಂಡತಿ ಮಕ್ಕಳಿಗಾಗಿ ಅಳುತ್ತಾರೆ ಅಂತ ಅದರಲ್ಲಿದೆ. ಪ್ರಾರ್ಥನೆಯಿಂದ, ದಾನದಿಂದ ಅವರನ್ನು ನರಕದಿಂದ ಬಿಡಿಸಬಹುದಾ ಅಂತ ಕೇಳುತ್ತಾರೆ. ಆಗುವುದಿಲ್ಲ ಅಂತ ಝೇವಿಯರ್ ಹೇಳುತ್ತಾನೆ. ಅಷ್ಟು ಪ್ರೀತಿಯ ಜನ ಹೀಗೆ ಅಳುವುದನ್ನು ಕಂಡು ತನಗೂ ಅಳು ಬರುತ್ತದೆ ಅಂತಲೂ ಬರೆದುಕೊಂಡಿದ್ದಾನೆ. ಈ ಕಾಗದವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ಅವನು ಕಲ್ಲೆದೆಯವನಲ್ಲ. ಅವನ ಕಣ್ಣಿಗೂ ನೀರು ಬರುತ್ತದೆ. ಹಾಗಾದರೆ ಅವನು ನಂಬಿದ ದೇವರಿಗಿಂತ ಅವನೇ ಹೆಚ್ಚು ಕರುಣೆಯವನು ಆದನಲ್ಲವಾ? ನನ್ನ ಭುಜದ ಮೇಲೆ ಕೈಯಿಟ್ಟ ಹಿರಿಯರೂ ಹಾಗೇ.

ಈಗಿನ ನೆದರ್ಲೆಂಡ್ಸ್ ಕಡೆಯ ಫ್ರಿಸಿಯನ್ನರ ದೊರೆ ರಾಡ್ಬೋಡ್‌ನ ಬಗ್ಗೆ ಒಂದು ದಂತಕಥೆ ಇದೆ. ಎಂಟನೇ ಶತಮಾನದ ಶುರುವಿನವನು. ದೀಕ್ಷಾಸ್ನಾನದ ನೀರಿಗೆ ಒಂದು ಕಾಲು ಇಟ್ಟಿದ್ದ. ನಮ್ಮ ಹಿರೀಕರೆಲ್ಲಾ ಎಲ್ಲಿದ್ದಾರೆ ಅಂತ ಕೇಳಿದ. ನರಕದಲ್ಲಿ ಅಂದರು. ಇಟ್ಟ ಕಾಲನ್ನು ಹಿಂದೆ ತೆಗೆದುಕೊಂಡ, ನನ್ನವರು ಇರುವಲ್ಲಿಗೇ ನಾನೂ ಹೋಗುತ್ತೇನೆ ಅಂದ. ಈ ಕಥೆ ಹೇಳಿದವರು ಅದನ್ನು ಅವನ ಮೊಂಡುತನಕ್ಕೆ ಉದಾಹರಣೆಯಾಗಿ ಬರೆದರು. ನಾನು ಓದುವಾಗ ಅವನ ಪಕ್ಕ ನಿಂತಿದ್ದೆ.

ನರಕ ಅನ್ನುವುದು ಯಾರೋ ಕೆಲವು ಕಟ್ಟುನಿಟ್ಟಿನ ಬೋಧಕರ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ಕ್ಯಾಥೊಲಿಕ್ ಸಭೆಯಿಂದ ಹೊರಗಿರುವವರು, ಯೆಹೂದಿಗಳಾಗಲಿ ಬೇರೆ ಧರ್ಮದವರಾಗಲಿ, ಸಾಯುವ ಮೊದಲು ಒಳಗೆ ಸೇರದಿದ್ದರೆ ನಿತ್ಯ ಬೆಂಕಿಗೇ ಹೋಗುತ್ತಾರೆ ಅಂತ 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಬರೆದಿಟ್ಟಿತು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಹೋದವರು ಮನಸ್ಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆ ಸಿಗಬಹುದು ಅಂದಿತು. ದೀಕ್ಷಾಸ್ನಾನವಾಗದೆ ಸತ್ತ ಕೂಸುಗಳಿಗೂ ಶಿಕ್ಷೆ ಇದೆ, ಆದರೆ ಅತಿ ಹಗುರವಾದ ಶಿಕ್ಷೆ ಅಂತ ಹಿಂದಿನ ಕಾಲದ ಬಿಷಪ್ ಅಗಸ್ಟೀನ್ ಹೇಳಿದ್ದ. ಕೂಸಿಗೆ ಶಿಕ್ಷೆ! ಹುಟ್ಟಿನಿಂದಲೇ ಬಂದ ಪಾಪಕ್ಕೆ. ಆ ಕೂಸುಗಳಿಗೂ ರಕ್ಷಣೆಯ ನಿರೀಕ್ಷೆ ಇಡಲು ಕಾರಣಗಳಿವೆ ಅಂತ ರೋಮಿನ ದೇವಶಾಸ್ತ್ರಜ್ಞರ ಆಯೋಗ ಹೇಳಿದ್ದು 2007ರಲ್ಲಿ. ನಡುವಿನ ಶತಮಾನಗಳಲ್ಲಿ ಮಗು ಕಳೆದುಕೊಂಡ ತಾಯಂದಿರು ಎಷ್ಟು ಜನ ಇದ್ದಿರಬೇಕು ಅಂತ ಯೋಚನೆ ಬಂದರೆ ನನಗೆ ಮುಂದೆ ಓದೋಕೆ ಆಗಲ್ಲ.

ಇಲ್ಲಿ ಜರ್ಮನ್ ತತ್ವಶಾಸ್ತ್ರಜ್ಞ ಫಾಯರ್‌ಬಾಖ್‌ನ ಮಾತು ನೆನಪಾಗುತ್ತದೆ. ಮನುಷ್ಯ ತನ್ನಲ್ಲಿರುವ ಒಳ್ಳೆಯದನ್ನೇ ಎತ್ತಿ ಆಕಾಶದಲ್ಲಿಟ್ಟು ಅದನ್ನು ದೇವರು ಅನ್ನುತ್ತಾನೆ ಅಂತ ಅವನು 1841ರಲ್ಲಿ ಬರೆದ. ನಮ್ಮ ಕರುಣೆ ಬೆಳೆದ ಹಾಗೆಲ್ಲಾ ದೇವರ ಕರುಣೆಯೂ ಬೆಳೆಯುತ್ತಾ ಬಂದಿರುವುದನ್ನು ನೋಡಿದರೆ ಅವನ ಮಾತಿಗೆ ಎದುರು ಹೇಳುವುದು ಕಷ್ಟ.

ತತ್ವಶಾಸ್ತ್ರಜ್ಞ ಬರ್ಟ್ರಂಡ್ ರಸೆಲ್ 1927ರ ಮಾರ್ಚಿನಲ್ಲಿ ಲಂಡನ್ನಿನ ಬ್ಯಾಟರ್ಸೀ ಟೌನ್ ಹಾಲಿನಲ್ಲಿ ತಾನೇಕೆ ಕ್ರೈಸ್ತನಲ್ಲ ಅಂತ ಮಾತಾಡಿದ್ದ. ಯೇಸುವಿನ ನಡತೆಯಲ್ಲಿ ಒಂದು ದೊಡ್ಡ ಕೊರತೆ ಇದೆ, ಅವರು ನರಕವನ್ನು ನಂಬಿದ್ದರು ಅಂದ. ನಂಬಿಕೆ ಇದ್ದಾಗ ಆ ಸಾಲು ಓದಿ ನನಗೆ ಮೈ ಉರಿದಿತ್ತು. ಅಪ್ಪ ಹೋದ ಮೇಲೆ ಮತ್ತೆ ಓದಿದಾಗ ಉರಿಯಲಿಲ್ಲ. ಎಪ್ಪತ್ತು ವರ್ಷದ ಒಂದು ಬದುಕು. ಅದರಲ್ಲಿ ಎಷ್ಟೇ ತಪ್ಪು ಮಾಡಿರಲಿ, ಅದಕ್ಕೊಂದು ಅಳತೆ ಇದೆ. ಶಿಕ್ಷೆಗೆ ಮಾತ್ರ ಅಳತೆಯೇ ಇಲ್ಲ ಅಂದರೆ ಅದನ್ನು ನ್ಯಾಯ ಅನ್ನೋದು ಹೇಗೆ? ಇಲ್ಲಿ ತಪ್ಪು ಅಂತ ಎಣಿಸುತ್ತಿರುವುದು ಕೊಲೆಯನ್ನಲ್ಲ, ಕಳ್ಳತನವನ್ನಲ್ಲ. ಒಂದು ಮಾತು ನಿಜ ಅಂತ ಅನಿಸದೆ ಹೋದದ್ದನ್ನು.

"ನರಕದ ಬಾಗಿಲಿಗೆ ಒಳಗಿನಿಂದಲೇ ಚಿಲಕ ಹಾಕಿರುತ್ತದೆ" ಅನ್ನುವುದು ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ 1940ರಲ್ಲಿ ಕೊಟ್ಟ ಉತ್ತರ. ದೇವರು ಯಾರನ್ನೂ ತಳ್ಳುವುದಿಲ್ಲ, ಅವರೇ ಬೇಡ ಅನ್ನುತ್ತಾರೆ ಅಂತ. ಯುವಜನರ ಕೂಟದಲ್ಲಿ ನಾನೂ ಇದನ್ನು ಎಷ್ಟೋ ಸಲ ಹೇಳಿದ್ದೆ. ಆದರೆ ನನ್ನ ಅಪ್ಪ ಯಾವ ಚಿಲಕ ಹಾಕಿದ್ದರು? ಅವರು ಚರ್ಚಿನ ಹೊರಗೇ ಕೂತಿದ್ದರು, ಪ್ರತಿ ವಾರ, ಕೈಗೆಟುಕುವಷ್ಟು ದೂರದಲ್ಲಿ. ಒಮ್ಮೆ ನಾನು ಕೇಳಿದ್ದೆ, "ಅಪ್ಪ, ನೀವು ಯಾಕೆ ನಂಬಲ್ಲ?" ಅಂತ. "ಪ್ರಯತ್ನ ಮಾಡಿದೀನಿ ಕಣೋ, ಬರಲ್ಲ" ಅಂದಿದ್ದರು. ನಂಬಿಕೆ ಅನ್ನುವುದು ಬೇಕು ಅಂದಾಗ ಹಾಕಿಕೊಳ್ಳುವ ಅಂಗಿಯಲ್ಲ. ಷೆಲೆನ್‌ಬರ್ಗ್ ಅನ್ನುವ ಕೆನಡಾದ ತತ್ವಶಾಸ್ತ್ರಜ್ಞ 1993ರಿಂದ ಇದನ್ನೇ ಒಂದು ವಾದವಾಗಿ ಬೆಳೆಸುತ್ತಾ ಬಂದಿದ್ದಾನೆ. ಪ್ರೀತಿಸುವ ದೇವರು ಇದ್ದಿದ್ದರೆ, ಅವನನ್ನು ದ್ವೇಷಿಸದ, ಬಾಗಿಲು ತೆರೆದಿಟ್ಟುಕೊಂಡ ಒಬ್ಬ ಮನುಷ್ಯನಿಗೆ ತಾನಿದ್ದೇನೆ ಅಂತಲಾದರೂ ತಿಳಿಸುತ್ತಿದ್ದ ಅನ್ನುವುದು ಅದರ ತಿರುಳು. ಓದುವಾಗ ಪ್ರತಿ ಪುಟದಲ್ಲೂ ನನಗೆ ಪೇಪರ್ ಹಿಡಿದುಕೊಂಡು ಕೂತ ಅಪ್ಪ ಕಾಣುತ್ತಿದ್ದರು.

ಕ್ರೈಸ್ತರಲ್ಲೇ ನರಕವನ್ನು ಒಪ್ಪದವರು ಇದ್ದರು, ಈಗಲೂ ಇದ್ದಾರೆ. ಕೊನೆಗೆ ಎಲ್ಲರೂ ಗುಣವಾಗಿ ದೇವರ ಹತ್ತಿರ ಬರುತ್ತಾರೆ ಅಂತ ನಾಲ್ಕನೇ ಶತಮಾನದಲ್ಲಿ ನಿಸ್ಸಾದ ಬಿಷಪ್ ಗ್ರೆಗರಿ ನಂಬಿದ್ದ. ಅವನನ್ನು ಸಭೆ ಇವತ್ತಿಗೂ ಸಂತ ಅನ್ನುತ್ತದೆ. ಬೈಬಲನ್ನು ಬಿಗಿಯಾಗಿ ಹಿಡಿಯುವ ಇವಾಂಜೆಲಿಕಲ್ ವಲಯದ ದೊಡ್ಡ ಹೆಸರಾದ ಜಾನ್ ಸ್ಟಾಟ್ ಕೂಡ 1988ರಲ್ಲಿ, ಎಂದೂ ಮುಗಿಯದ ಯಾತನೆಯ ಮಾತು ತನ್ನಿಂದ ಸಹಿಸಲಾಗದು ಅಂತ ತೋಡಿಕೊಂಡ. ಕೆಟ್ಟವರು ಕೊನೆಗೆ ಇಲ್ಲವಾಗುತ್ತಾರೆ ಅನ್ನುವ ಕಡೆ ವಾಲಿದ. ಇವರನ್ನು ಮೊದಲೇ ಓದಿದ್ದರೆ ನಾನು ಸಭೆಯಲ್ಲೇ ಉಳಿಯುತ್ತಿದ್ದೆನೋ ಏನೋ. ಆದರೆ ನಮಗೆ ಕಲಿಸಿದ್ದು ಅವರ ಮಾತನ್ನಲ್ಲ.

ಇನ್ನೊಂದು ವಿಷಯ ಸಣ್ಣದಾಗಿ ಹೇಳುತ್ತೇನೆ. ಶಿಲುಬೆಯ ಮೇಲೆ ರಕ್ತ ಸುರಿಯದೆ ಪಾಪಕ್ಕೆ ಕ್ಷಮೆ ಇಲ್ಲ ಅಂತ ನಮಗೆ ಹೇಳಿಕೊಟ್ಟರು. ಮನುಷ್ಯನ ಪಾಪದಿಂದ ದೇವರ ಮಹಿಮೆಗೆ ಬಾಕಿ ಬಿದ್ದಿದೆ, ಅದು ತೀರಲೇಬೇಕು ಅನ್ನುವ ಲೆಕ್ಕವನ್ನು ಹನ್ನೊಂದನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್ ಬಿಷಪ್ ಆನ್ಸೆಲ್ಮ್ ಕಟ್ಟಿಕೊಟ್ಟ. ತಪ್ಪಿಲ್ಲದವನನ್ನು ದಂಡಿಸಿ ತಪ್ಪಿತಸ್ಥರನ್ನು ಬಿಡುವುದು ಯಾವ ನ್ಯಾಯ ಅಂತ ನಾಸ್ತಿಕರು ಕೇಳುತ್ತಾರೆ. ಯೇಸುವೇ ಹೇಳಿದ ತಪ್ಪಿಹೋದ ಮಗನ ಕಥೆಯಲ್ಲಿ ಆ ಲೆಕ್ಕವೇ ಇಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ನೋಡುತ್ತಾನೆ. ಓಡಿ ಹೋಗಿ ತಬ್ಬಿಕೊಳ್ಳುತ್ತಾನೆ. ಮಗ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಪೂರ್ತಿ ಹೇಳುವುದಕ್ಕೂ ಬಿಡುವುದಿಲ್ಲ. ಯಾರ ರಕ್ತವನ್ನೂ ಕೇಳುವುದಿಲ್ಲ. ಆ ಕಥೆಯ ತಂದೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಅವನ ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗಲೇ ನನಗೆ ಕಲಿಸಿದ ದೇವರು ಚಿಕ್ಕದಾಗಿ ಕಂಡದ್ದು.

ಹಾಗಾಗಿ ನನಗೆ ಅತಿ ಹತ್ತಿರದ ನಾಸ್ತಿಕರು ಒಳಗಿನಿಂದ ಬಂದವರು. ಜಾನ್ ಮೆಲಿಯೇ ಅನ್ನುವ ಫ್ರೆಂಚ್ ಪಾದ್ರಿ ಎತ್ರೆಪಿನ್ಯಿ ಅನ್ನುವ ಹಳ್ಳಿಯಲ್ಲಿ 1689ರಿಂದ 1729ರವರೆಗೆ, ನಲವತ್ತು ವರ್ಷ, ಪೂಜೆ ಮಾಡಿಸಿದ. ಸತ್ತ ಮೇಲೆ ಅವನ ಮನೆಯಲ್ಲಿ ಕೈಬರಹದ ದೊಡ್ಡ ಗ್ರಂಥದ ಪ್ರತಿಗಳು ಸಿಕ್ಕವು. ದೇವರಿಲ್ಲ ಅಂತ ಬರೆದಿಟ್ಟಿದ್ದ. ತಾನೇ ನಂಬದ ಮಾತುಗಳನ್ನು ಊರಿನವರಿಗೆ ಹೇಳಬೇಕಾಯಿತಲ್ಲ ಅಂತ ನೊಂದುಕೊಂಡಿದ್ದ. ವಾಲ್ಟೇರ್ 1762ರಲ್ಲಿ ಅದರ ಸಾರ ಅಚ್ಚು ಹಾಕಿಸಿದಾಗ, ದೇವರಿಲ್ಲ ಅನ್ನುವ ಭಾಗವನ್ನು ಕಿತ್ತು, ಮೆಲಿಯೇಯನ್ನು ದೇವರನ್ನು ನಂಬುವವನ ಹಾಗೆ ತೋರಿಸಿದ. ನಲವತ್ತು ವರ್ಷ ಬಾಯಿ ಕಟ್ಟಿಕೊಂಡವನಿಗೆ ಸತ್ತ ಮೇಲೂ ತನ್ನ ಮಾತು ಪೂರ್ತಿ ಆಡಲು ಬಿಡಲಿಲ್ಲ.

ಮತ್ತೆ ಡಾರ್ವಿನ್. ಅವನು ತನ್ನನ್ನು ಅಜ್ಞೇಯವಾದಿ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯದು ಅನ್ನುವವನು, ಅಂತ ಕರೆದುಕೊಂಡ, ನಾಸ್ತಿಕ ಅಂತ ಅಲ್ಲ. ಅವನ ಮದುವೆ 1839ರಲ್ಲಿ. ಹೆಂಡತಿ ಎಮ್ಮಾ ಭಕ್ತೆ. ಮದುವೆಯಾದ ಹೊಸತರಲ್ಲೇ ಗಂಡನ ಸಂಶಯಗಳ ಬಗ್ಗೆ ಅವನಿಗೊಂದು ಕಾಗದ ಬರೆದಳು. ನಾವಿಬ್ಬರೂ ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲ ಅಂತಾದರೆ ನನಗೆ ತುಂಬಾ ದುಃಖವಾಗುತ್ತದೆ ಅಂದಳು. ಡಾರ್ವಿನ್ ಆ ಕಾಗದವನ್ನು ಕೊನೆಯವರೆಗೂ ಇಟ್ಟುಕೊಂಡಿದ್ದ. ನಾನು ಸತ್ತ ಮೇಲೆ ನಿನಗೆ ಗೊತ್ತಿರಲಿ, ಇದನ್ನು ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಅಂತ ಅದರ ಮೇಲೆ ಬರೆದಿಟ್ಟಿದ್ದ. ಅವರ ಮಗಳು ಆ್ಯನಿ 1851ರಲ್ಲಿ, ಹತ್ತು ವರ್ಷದವಳಿದ್ದಾಗ, ತೀರಿಕೊಂಡಳು.

1876ರಲ್ಲಿ ಆತ್ಮಕಥೆ ಬರೆಯುವಾಗ ಡಾರ್ವಿನ್ ನರಕದ ವಿಷಯಕ್ಕೆ ಬಂದ. ಕ್ರೈಸ್ತ ಧರ್ಮ ನಿಜವಾಗಿರಲಿ ಅಂತ ಯಾರಾದರೂ ಯಾಕೆ ಬಯಸಬೇಕು ಅಂತ ಕೇಳಿದ. ಅದು ನಿಜವಾದರೆ ನಂಬದವರಿಗೆ ನಿತ್ಯ ಶಿಕ್ಷೆ. ಅವರಲ್ಲಿ ತನ್ನ ಅಪ್ಪ, ಅಣ್ಣ, ಹೆಚ್ಚುಕಡಿಮೆ ಎಲ್ಲಾ ಒಳ್ಳೆಯ ಗೆಳೆಯರೂ ಸೇರುತ್ತಾರೆ. ಇದು ಹೇಯವಾದ ಸಿದ್ಧಾಂತ ಅಂತ ಬರೆದ. ಅವನು ತೀರಿಕೊಂಡ ಮೇಲೆ ಎಮ್ಮಾ ಈ ಸಾಲುಗಳು ಅಚ್ಚಾಗುವುದು ಬೇಡ ಅಂದಳು. 1887ರಲ್ಲಿ ಮಗ ಹೊರತಂದ ಪುಸ್ತಕದಲ್ಲಿ ಅವು ಇರಲಿಲ್ಲ. 1958ರಲ್ಲಿ ಮೊಮ್ಮಗಳು ಮತ್ತೆ ಸೇರಿಸಿದಳು.

ಭಕ್ತೆಯಾದ ಹೆಂಡತಿ ಗಂಡನ ಮಾತನ್ನು ಮುಚ್ಚಿಟ್ಟಳು ಅಂತ ಇಷ್ಟಕ್ಕೇ ಕಥೆ ನಿಲ್ಲಿಸುವವರಿದ್ದಾರೆ. ಆದರೆ ಎಮ್ಮಾ 1882ರಲ್ಲಿ ಬರೆದ ಟಿಪ್ಪಣಿಯನ್ನು ಪೂರ್ತಿ ಓದಬೇಕು. ನಂಬದಿದ್ದಕ್ಕೆ ನಿತ್ಯ ಶಿಕ್ಷೆ ಅನ್ನುವ ಸಿದ್ಧಾಂತದ ಬಗ್ಗೆ ಎಷ್ಟು ಕಟುವಾಗಿ ಹೇಳಿದರೂ ಅದು ಜಾಸ್ತಿಯಾಗಲಾರದು, ಆದರೆ ಈಗ ಅದನ್ನು ಕ್ರೈಸ್ತ ಧರ್ಮ ಅನ್ನುವವರು ಬಹಳ ಕಡಿಮೆ ಅಂತ ಅವಳು ಬರೆದಿದ್ದಳು. ನಲವತ್ತಮೂರು ವರ್ಷ ಅವನ ಜೊತೆ ಬಾಳಿದವಳು. ಅವನು ಇಲ್ಲದ ಮನೆಯಲ್ಲಿ ಕೂತು ಬರೆದದ್ದು. ಗಂಡನನ್ನು ನರಕಕ್ಕೆ ಕಳಿಸುವ ದೇವರನ್ನು ಅವಳೂ ಒಪ್ಪಿರಲಿಲ್ಲ.

ಇದನ್ನು ಓದಿದ ಮೇಲೆ ನಾನು ಅಮ್ಮನನ್ನು ಬೇರೆ ರೀತಿ ನೋಡತೊಡಗಿದೆ. ಅದುವರೆಗೆ ನನಗೊಂದು ಭಯ ಇತ್ತು. ಅಪ್ಪ ಎಲ್ಲಿದ್ದಾರೆ ಅಂತ ಅಮ್ಮನ ಮನಸ್ಸಿನಲ್ಲಿ ಏನಿದೆಯೋ, ಅದನ್ನು ಕೇಳಲು ನನಗೆ ಧೈರ್ಯ ಇರಲಿಲ್ಲ. ನಾನು ಚರ್ಚಿಗೆ ಹೋಗುವುದನ್ನು ನಿಲ್ಲಿಸಿದಾಗ ಅಮ್ಮ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ, "ನೀನೂ 'ಬರಲ್ಲ' ಅಂತೀಯಾ ಈಗ?" ಅಂತ ಕೇಳಿದರು. "ಹೌದಮ್ಮ" ಅಂದೆ. "ನಿಮ್ಮಪ್ಪನ ಹಾಗೇ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾವಿದ್ದ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಮಾಡುವುದಿಲ್ಲ. ಸತ್ತ ಮೇಲೆ ತೀರ್ಪು, ಅದು ಬದಲಾಗುವುದಿಲ್ಲ ಅನ್ನುವುದು ಅಲ್ಲಿನ ಬೋಧನೆ. ಅಮ್ಮನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಕಳೆದ ಸಲ ಅವರ ಜೊತೆ ಇದ್ದಾಗ ರಾತ್ರಿ ನೀರು ಕುಡಿಯಲು ಎದ್ದೆ. ಅವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕತ್ತಲಲ್ಲಿ ಹಾಸಿಗೆಯ ಮೇಲೆ ಎದ್ದು ಕೂತು ಪ್ರಾರ್ಥನೆ ಮಾಡುತ್ತಿದ್ದರು. ನನ್ನ ಹೆಸರು ಬಂತು, ಅಕ್ಕನ ಮಕ್ಕಳ ಹೆಸರು ಬಂತು. ಆಮೇಲೆ ದನಿ ಇನ್ನೂ ಸಣ್ಣದಾಯಿತು.

"ಅವರನ್ನೂ ನೋಡ್ಕೋ ಕರ್ತನೇ. ಹೊರಗೆ ಕೂರಿಸ್ಬೇಡ. ಅವರಿಗೆ ಚಳಿ ತಡೆಯೋಕೆ ಆಗಲ್ಲ."

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅವರು ಆಮೆನ್ ಅಂದ ಮೇಲೆ ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಅಮ್ಮ ಏನೂ ಕೇಳಲಿಲ್ಲ, ಹೊದಿಕೆಯ ಒಂದು ತುದಿಯನ್ನು ನನ್ನ ಕಾಲ ಮೇಲೆ ಎಳೆದರು.